ನೇಪಾಳಕ್ಕೆ ಫ್ಲೈಟಲ್ಲಿ ಹೋಗೋರು ಒಂದ್ಸಲ ಓದಿ, ಆಧಾರ್ ನಂಬ್ಕೊಂಡು ಹೋಗ್ಬೇಡಿ!!

ಬರೆಯೋಕೇ ನಾಚಿಕೆ ಆಗ್ತಿದೆ, ಆದ್ರೂ ಬರೀತೀನಿ, ನಮ್ ಥರ ಇನ್ನೊಬ್ರು ಕೌಂಟರ್ ಮುಂದೆ ಪೆಚ್ಚುಮೋರೆ ಹಾಕ್ಕೊಂಡು ನಿಲ್ಲೋದು ಬೇಡ.

ಅಪ್ಪ ಅಮ್ಮಂಗೆ ಪಶುಪತಿನಾಥ, ಮುಕ್ತಿನಾಥ ನೋಡ್ಬೇಕು ಅಂತ ಎಷ್ಟೋ ವರ್ಷದ ಆಸೆ. ಒಬ್ಬ ಏಜೆಂಟ್ ಹತ್ರ ಪ್ಯಾಕೇಜ್ ತಗೊಂಡ್ವಿ. ದೆಹಲಿಯಿಂದ ಕಠ್ಮಂಡುಗೆ ಫ್ಲೈಟ್ ಬುಕ್ ಮಾಡಿದ್ದೂ ಅವನೇ, ಇದನ್ನ ನೆನಪಿಟ್ಕೊಳ್ಳಿ. ನಾನು ಎರಡು ಸಲ ಕೇಳಿದೀನಿ, ಎರಡು ಸಲ! ನನ್ನ ಪಾಸ್‌ಪೋರ್ಟ್ ಎಕ್ಸ್‌ಪೈರ್ ಆಗಿದೆ, ಹೆಂಡ್ತಿ ಮಾಡ್ಸೇ ಇಲ್ಲ, ತೊಂದ್ರೆ ಆಗುತ್ತಾ ಅಂತ. "ಅಯ್ಯೋ ನೇಪಾಳಕ್ಕೆ ವೀಸಾನೇ ಬೇಡ ಸರ್, ಆಧಾರ್ ಸಾಕು, ಆರಾಮಾಗಿ ಹೋಗ್ಬನ್ನಿ" ಅಂತ ವಾಯ್ಸ್ ಮೆಸೇಜ್ ಕಳ್ಸಿದ.

ಚೆಕ್ ಇನ್ ಕೌಂಟರಲ್ಲಿ ಆ ಹುಡುಗಿ ನಾಲ್ಕು ಆಧಾರ್ ಕಾರ್ಡೂ ತಿರುಗಿಸಿ ನೋಡಿ, ಎರಡನ್ನ ಆ ಕಡೆ ಎರಡನ್ನ ಈ ಕಡೆ ಇಟ್ಳು. ಅಪ್ಪಂಗೆ 71, ಅಮ್ಮಂಗೆ 67. 65 ದಾಟಿದೋರಿಗೆ ಆಧಾರ್ ನಡೆಯುತ್ತೆ, ಇವರಿಬ್ರೂ ಹೋಗ್ಬೋದು, ನಿಮ್ಮಿಬ್ರಿಗೆ ಪಾಸ್‌ಪೋರ್ಟ್ ಇಲ್ಲಾ ವೋಟರ್ ಐಡಿ ಬೇಕು ಅಂದ್ಳು. ವೋಟರ್ ಐಡಿ!! ನಮ್ಮಿಬ್ರದ್ದೂ ಮನೇಲಿ ಬೀರು ಒಳಗೆ ಬಿದ್ದಿದೆ ಕಣ್ರೀ. ಒಂದು ಮಾತು ಹೇಳಿದ್ರೆ ಜೇಬಲ್ಲಿ ಹಾಕ್ಕೊಂಡು ಬರ್ತಿದ್ದೆ. ಹಿಂದೆ ಕ್ಯೂನಲ್ಲಿ ಇರೋರೆಲ್ಲ ನಮ್ಮನ್ನೇ ನೋಡ್ತಿದಾರೆ, ಅಮ್ಮ "ನಾವಿಬ್ರೇ ಹೋಗಿ ಅಲ್ಲೇನ್ ಮಾಡೋಣಪ್ಪ" ಅಂತಾರೆ, ಆಗ ಆದ ಅವಮಾನ ಯಾರಿಗೂ ಬೇಡ.

ಏಜೆಂಟ್‌ಗೆ ಫೋನ್ ಮಾಡಿದ್ರೆ ಏನಂದ ಗೊತ್ತಾ? "ನಾನು ವೀಸಾ ಬೇಡ ಅಂದೆ ಸರ್, ಡಾಕ್ಯುಮೆಂಟೇ ಬೇಡ ಅಂದ್ನಾ?" ಅವನ ವಾಯ್ಸ್ ಮೆಸೇಜ್ ಅವನಿಗೇ ವಾಪಸ್ ಕಳ್ಸಿದೆ. ಹತ್ತು ನಿಮಿಷ ಬಿಟ್ಟು "ಅದು ಬಸ್ಸಲ್ಲಿ ಹೋಗೋರಿಗೆ ಹೇಳಿದ್ದು ಸರ್" ಅಂತ ರಿಪ್ಲೈ. ಫ್ಲೈಟ್ ಟಿಕೆಟ್ ಮಾಡಿದ್ದು ನೀನೇ ಅಲ್ವೇನಯ್ಯಾ! ರಿಫಂಡ್ ಕೇಳಿದ್ರೆ "ನೋ ಶೋ, ಬರಲ್ಲ."

ಹೋಗೋರು ಇಷ್ಟು ನೋಡ್ಕೊಳ್ಳಿ. ವೀಸಾ ಬೇಡ ಅನ್ನೋದು ನಿಜ, ಆದ್ರೆ ಫ್ಲೈಟಿಗೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇರ್ಲೇಬೇಕು. ಆಧಾರ್, ಪ್ಯಾನ್, ಡಿಎಲ್ ಎಲ್ಲ 65 ಮೇಲ್ಪಟ್ಟೋರಿಗೆ ಮತ್ತೆ 15 ಒಳಗಿನ ಮಕ್ಕಳಿಗೆ ಮಾತ್ರ. ಏರ್‌ಲೈನ್‌ಗೆ ನೀವೇ ಫೋನ್ ಮಾಡಿ ಕೇಳಿ, ಏಜೆಂಟ್ ಬಾಯಿಮಾತು ಬೇಡ. ವಾಯ್ಸ್ ಮೆಸೇಜೂ ಬೇಡ, ನನ್ನ ಹತ್ರ ಇತ್ತಲ್ಲ, ಏನ್ ಕಿಸೀತು?

ನಿನ್ನೆಯಿಂದ ಅವನು ನನ್ನ ನಂಬರ್ ಬ್ಲಾಕ್ ಮಾಡಿದಾನೆ. ಅಮ್ಮ ಪ್ಯಾಕ್ ಮಾಡಿದ್ದ ಸ್ವೆಟರ್‌ಗಳು ಇನ್ನೂ ಬ್ಯಾಗಲ್ಲೇ ಇವೆ.