ಮಣ್ಣು ತುಂಬಿಸಿದ ಗದ್ದೆ ಮೇಲೆ ಅವಸರದಲ್ಲಿ ಮನೆ ಕಟ್ಟಬೇಡಿ: ಥಾಯ್ಲೆಂಡ್ ಹಳ್ಳಿಯಲ್ಲಿ ನಮಗಾದದ್ದು

ಹೋದ ವರ್ಷ ಮಳೆ ನಿಲ್ಲುವ ಹೊತ್ತಿಗೆ ನಮ್ಮ ಹೊಸ ಮನೆಯ ಅಡಿಗೆಮನೆ ಮನೆಯಿಂದ ಬಿಟ್ಟುಕೊಂಡಿತು. ಮೊದಲು ಗೋಡೆ ಸೇರುವ ಕಡೆ ಕೂದಲೆಳೆಯಷ್ಟು ಗೆರೆ ಕಂಡಿತು. ಹದಿನೈದು ದಿನಕ್ಕೆ ಬೆರಳು ತೂರುವಷ್ಟಾಯಿತು. ಅಕ್ಟೋಬರ್ ಕೊನೆಗೆ ನನ್ನ ಅಂಗೈ ಅಡ್ಡಲಾಗಿ ಒಳಗೆ ಹೋಗುತ್ತಿತ್ತು, ಆ ಸಂದಿಯಲ್ಲಿ ಹಿಂದಿನ ಗದ್ದೆ ಕಾಣುತ್ತಿತ್ತು.

ನಾನು ತೀರ್ಥಹಳ್ಳಿ ಕಡೆಯವನು. ಕೆಲಸ ಬ್ಯಾಂಕಾಕ್‌ನಲ್ಲಿ. ಹೆಂಡತಿಯ ಊರು ಈಸಾನ್ ಅಂತ ಕರೆಯುವ ಈಶಾನ್ಯ ಥಾಯ್ಲೆಂಡ್‌ನಲ್ಲಿ, ಉಡೊನ್ ಥಾನಿ ಹತ್ತಿರದ ಒಂದು ಹಳ್ಳಿ. ಕಡಿಮೆ ದುಡ್ಡಲ್ಲಿ ಹಳ್ಳಿ ಮಾದರಿಯ ಮನೆ ಹೇಗೆ ಕಟ್ಟಿಸೋದು ಅಂತ ನಮ್ಮವರೇ ಮೂರ್ನಾಲ್ಕು ಜನ ಈಚೆಗೆ ನನ್ನನ್ನು ಕೇಳಿದರು. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲಿನ ಹಳೆಯ ಹಳ್ಳಿ ಮನೆ ನೋಡಿದವರಿಗೆ ಗೊತ್ತು, ಮನೆ ಪೂರ್ತಿ ಕಂಬದ ಮೇಲೆ ನಿಂತಿರುತ್ತದೆ. ಕೆಳಗಿನ ಖಾಲಿ ಜಾಗಕ್ಕೆ ತಾಯ್ ಥುನ್ ಅಂತಾರೆ. ಆಳೆತ್ತರಕ್ಕಿಂತ ಜಾಸ್ತಿ ಇರುತ್ತದೆ. ಹಗಲೆಲ್ಲ ಜನ ಇರೋದು ಅಲ್ಲೇ: ಮಗ್ಗ ಅಲ್ಲಿ, ಬಲೆ ಉಯ್ಯಾಲೆ ಅಲ್ಲಿ, ಊಟ ಅಲ್ಲಿ, ಮೊದಲೆಲ್ಲ ಎಮ್ಮೆ ಕಟ್ಟುತ್ತಿದ್ದದ್ದೂ ಅಲ್ಲೇ. ಮಳೆಗಾಲದಲ್ಲಿ ನೀರು ಬಂದರೆ ಕೆಳಗೆ ಹರಿದುಹೋಗುತ್ತದೆ. ಮನೆಯ ಭಾರವೆಲ್ಲ ಕಂಬದ ಮೂಲಕ ಗಟ್ಟಿ ನೆಲಕ್ಕೆ ಇಳಿಯುತ್ತದೆ. ಸುಮ್ನೆ ಅಂದಕ್ಕೆ ಮಾಡಿದ್ದಲ್ಲ ಅದು. ನಾನು ಆ ಅಂದವನ್ನಷ್ಟೇ ತೆಗೆದುಕೊಂಡೆ.

ನಮ್ಮ ಲೆಕ್ಕ ಅಲ್ಲಿನ ದುಡ್ಡಿನಲ್ಲಿ 4,50,000 ಬಾತ್. ರೆಡಿ ಕಾಂಕ್ರೀಟ್ ಕಂಬ, ಸಿಮೆಂಟ್ ಬೋರ್ಡಿನ ಗೋಡೆ, ಮೇಲೆ ತಗಡಿನ ಶೀಟು. ಹಿಂದುಗಡೆ ನೆಲಮಟ್ಟದಲ್ಲೇ ಅಡಿಗೆಮನೆ, ಬಚ್ಚಲು. ಜಾಗ ರಸ್ತೆಗಿಂತ ಒಂದು ಮೀಟರ್ ತಗ್ಗಿನಲ್ಲಿದ್ದ ಭತ್ತದ ಗದ್ದೆ. ಮನೆ ಬರುವಷ್ಟು ಕಡೆ, ಅಂದರೆ ಒಂದು ಙಾನ್, 400 ಚದರ ಮೀಟರ್, ಮಣ್ಣು ತುಂಬಿಸಿದೆವು. ಆರು ಚಕ್ರದ ಲಾರಿಯಲ್ಲಿ ಎಪ್ಪತ್ತಕ್ಕೂ ಜಾಸ್ತಿ ಲೋಡು ಬಂತು. ಅದು ಜನವರಿ. ಫೆಬ್ರವರಿಯಲ್ಲಿ ಮೊದಲ ಕಂಬಕ್ಕೆ ಬಾಳೆ ಸಸಿ, ಕಬ್ಬು ಕಟ್ಟಿ ಪೂಜೆ ಮಾಡಿ ನಿಲ್ಲಿಸಿಯೂ ಆಯಿತು.

ಮಾವ ಬೇಡ ಅಂದಿದ್ದರು. "ಈ ಮಣ್ಣು ಒಂದು ಮಳೆ ನೋಡಲಿ" ಅಂತ ಎರಡು ಸಲ ಹೇಳಿದರು. ನಮ್ಮೂರಲ್ಲೂ ಗದ್ದೆಗೆ ಮಣ್ಣು ಹಾಕಿದವರು ಒಂದೆರಡು ಮಳೆಗಾಲ ಬಿಟ್ಟೇ ಪಾಯ ತೆಗೆಯೋದು, ಅದು ನನಗೆ ಗೊತ್ತಿತ್ತು. ಆದರೂ ನಾನು ಕೇಳಲಿಲ್ಲ. ಜೂನ್ ಒಳಗೆ ಮುಗಿಸಿಬಿಡೋಣ ಅನ್ನೋ ಅವಸರ.

ಏನಾಯಿತು ಅಂದರೆ, ಬೇಸಿಗೆಯಲ್ಲಿ ತಂದು ಸುರಿಯುವ ಮಣ್ಣು ಹೆಂಟೆ ಹೆಂಟೆಯಾಗಿರುತ್ತದೆ. ಹೆಂಟೆಗಳ ನಡುವೆ ಪೊಳ್ಳು. ಜೆಸಿಬಿ ಮೇಲೆ ನಾಲ್ಕು ಸಲ ಓಡಾಡಿದರೆ ಮೇಲಿನ ಒಂದಡಿ ಗಟ್ಟಿಯಾಗುತ್ತದೆ, ಕೆಳಗೆ ಹಾಗೇ ಇರುತ್ತದೆ. ಮಳೆ ಬಿದ್ದಾಗ ಹೆಂಟೆ ಕರಗಿ ಪೊಳ್ಳು ತುಂಬಿಕೊಂಡು ಇಡೀ ನೆಲ ಕೂರುತ್ತದೆ. ದೊಡ್ಡ ಮನೆಯ ಕಂಬದ ಗುಂಡಿಗಳನ್ನು ಹಳೇ ಗದ್ದೆಯ ಗಟ್ಟಿ ಮಣ್ಣು ಸಿಗುವವರೆಗೆ ತೋಡಿದ್ದರು, ಹಾಗಾಗಿ ಅದು ಅಲ್ಲಾಡಲಿಲ್ಲ. ಅಡಿಗೆಮನೆ, ಬಚ್ಚಲಿಗೆ ಮಾತ್ರ "ಇದು ಸಣ್ಣ ಕೆಲಸ" ಅಂತ ತುಂಬಿಸಿದ ಮಣ್ಣಿನ ಮೇಲೇ ಮೊಣಕಾಲುದ್ದ ಗುಂಡಿ ತೆಗೆದು ಕಂಬ ಇಟ್ಟರು. ಸಾಲದ್ದಕ್ಕೆ ಅದರ ಬೀಮನ್ನು ದೊಡ್ಡ ಮನೆಯ ಕಂಬಕ್ಕೆ ಸೇರಿಸಿಬಿಟ್ಟರು. ಒಂದು ಕಡೆ ಕೂರುವ ನೆಲ, ಇನ್ನೊಂದು ಕಡೆ ಕೂರದ ಕಂಬ. ಕಿತ್ತುಕೊಳ್ಳದೆ ಇನ್ನೇನಾಗುತ್ತದೆ ಅಲ್ವಾ?

ಬಿರುಕಿಗಿಂತ ಮೊದಲು ಹಾಳಾದದ್ದು ಪೈಪು. ಬಚ್ಚಲ ನೆಲ ಇಳಿದಾಗ ಕಮೋಡಿನಿಂದ ಗುಂಡಿಯ ರಿಂಗಿಗೆ ಹೋಗುವ ಪೈಪು ನೆಲದೊಳಗೆ ಜಾಯಿಂಟಿನಲ್ಲಿ ಕಳಚಿಕೊಂಡಿದೆ, ನಮಗೆ ಗೊತ್ತಿಲ್ಲ. ಅತ್ತೆಗೆ ವಾಸನೆ ಬರತೊಡಗಿತು. ಬೋರು ಅಲ್ಲಿಂದ ಹದಿನೈದು ಹೆಜ್ಜೆ. ಆ ನೀರನ್ನು ಎಷ್ಟು ದಿನ ಬಳಸಿದೆವೋ ಅಂತ ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ. ಮಣ್ಣು ಕೂರುವ ಮೊದಲು ಟಾಯ್ಲೆಟ್ ಗುಂಡಿ, ಪೈಪು ಯಾವುದನ್ನೂ ಹಾಕಿಸಬೇಡಿ, ಇದನ್ನು ದಯವಿಟ್ಟು ನೆನಪಿಡಿ.

ಇನ್ನು ದುಡ್ಡಿನ ವಿಷಯ. ಮೇಸ್ತ್ರಿಗೆ ಅಲ್ಲಿ ಚಾಂಗ್ ಅಂತಾರೆ. ನಮ್ಮ ಚಾಂಗ್ ಅತ್ತೆಯ ಕಡೆ ದೂರದ ನೆಂಟ. ಸಾಮಾನು ಸಮೇತ ಗುತ್ತಿಗೆ, 90,000 ಬಾತಿನ ಐದು ಕಂತು. ಛಾವಣಿ ಮುಗಿದ ಮೇಲೆ ಮೂರನೇ ಕಂತು ಅಂತ ಬರೆದುಕೊಂಡಿದ್ದೆವು. ಶೀಟಿನ ರೇಟು ಏರುತ್ತದೆ, ಆ ಕಂತಿನ ದುಡ್ಡು ಈಗಲೇ ಹಾಕಿ ಅಂದ, ಹಾಕಿದೆ. ಏಪ್ರಿಲ್‌ನಲ್ಲಿ ಅವರ ಹೊಸ ವರ್ಷದ ಸೊಂಕ್ರಾನ್ ಹಬ್ಬಕ್ಕೆ ಹುಡುಗರಿಗೆ ಕೂಲಿ ಕೊಡಬೇಕು ಅಂದ, ನಾಲ್ಕನೆಯದನ್ನೂ ಹಾಕಿದೆ. 3,60,000 ಬಾತ್ ಹೋಗಿತ್ತು, ಆಗಿದ್ದ ಕೆಲಸ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಶೀಟು, ಅಡಿಗೆಮನೆ, ಬಚ್ಚಲು ಹೇಗೋ ಎಳೆದಾಡಿ ಮುಗಿಸಿದ. ಜೂನ್‌ನಲ್ಲಿ ನಾಟಿ ಶುರುವಾಯಿತು, ಎಲ್ಲರೂ ಗದ್ದೆಗೆ ಹೋದರು. ಅದು ಅವರ ತಪ್ಪಲ್ಲ, ಈಸಾನ್‌ನಲ್ಲಿ ಮಳೆ ನಂಬಿ ವರ್ಷಕ್ಕೆ ಒಂದೇ ಬೆಳೆ ತೆಗೆಯುವವರೇ ಜಾಸ್ತಿ, ನಾಟಿಗೂ ನವೆಂಬರ್ ಕೊಯ್ಲಿಗೂ ಯಾರೂ ಸಿಗುವುದಿಲ್ಲ. ಆದರೆ ನಾಟಿ ಮುಗಿದ ಮೇಲೂ ನಮ್ಮ ಚಾಂಗ್ ಬರಲಿಲ್ಲ. ಮೆಟ್ಟಿಲು, ಬಾಗಿಲು, ವೈರಿಂಗ್ ಹಾಗೇ ಉಳಿದವು.

ಜಗಳ ಮಾಡುವ ಹಾಗೂ ಇರಲಿಲ್ಲ. ಊರಿನ ಮುಖ್ಯಸ್ಥರ ಹತ್ತಿರ ಹೋಗೋಣ ಅಂದರೆ ಅತ್ತೆ ಕಣ್ಣೀರು ಹಾಕಿದರು. ನಾಳೆ ದೇವಸ್ಥಾನದಲ್ಲಿ ಅವರ ಮನೆಯವರ ಪಕ್ಕದಲ್ಲೇ ನಾನು ಕೂರಬೇಕು ಅಂದರು. ಅವರ ಮಾತು ಸರಿ. ಅದಕ್ಕೇ ಹೇಳೋದು, ನೆಂಟರಿಗೆ ಕೆಲಸ ಕೊಡುವುದಾದರೆ ಬರೀ ಕೂಲಿ ಗುತ್ತಿಗೆ ಕೊಡಿ, ಸಾಮಾನು ನೀವೇ ಅಂಗಡಿಯಲ್ಲಿ ನಿಂತು ತನ್ನಿ, ಕೆಲಸ ಕಣ್ಣಿಂದ ನೋಡಿ ಕಂತು ಕೊಡಿ. ಕೊನೇ ಕಂತನ್ನು ಒಂದು ಜೋರು ಮಳೆ ಕಳೆಯುವವರೆಗೆ ಕೈಯಲ್ಲೇ ಇಟ್ಟುಕೊಳ್ಳಿ. ಇದನ್ನು ಮೊದಲ ದಿನವೇ ಹೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ. ನಡುವೆ ಹೇಳಿದರೆ ಆಗುತ್ತದೆ.

ಸಾಮಾನು ನೀವೇ ತನ್ನಿ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ಡಿಸೆಂಬರ್‌ನಲ್ಲಿ ಅಡಿಗೆಮನೆ ಒಡೆಸಿದಾಗ ಕಂಬದೊಳಗಿನ ಕಂಬಿ ಹೊರಗೆ ಬಂತು. ಕಂಬಿಯ ದಪ್ಪವನ್ನು ಅಲ್ಲಿ ಹುನ್ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಹುನ್ ಅಂದರೆ ಇಂಚಿನಲ್ಲಿ ಎಂಟನೇ ಒಂದು ಭಾಗ. ನಮ್ಮದು ನಾಲ್ಕು ಹುನ್, 12 ಮಿ.ಮೀ. ಅಂತ ಬಿಲ್ಲಿನಲ್ಲಿತ್ತು. ವರ್ನಿಯರ್ ಹಿಡಿದರೆ 10 ಚಿಲ್ಲರೆ. ಉದ್ದಕ್ಕೂ ತಿರುಗಿಸಿ ನೋಡಿದೆ, ಕಂಪನಿ ಹೆಸರಿಲ್ಲ, ಮುದ್ರೆಯಿಲ್ಲ, ಏನೂ ಇಲ್ಲ. ಇದಕ್ಕೆ ಲೆಕ್ ಬಾವ್, ಹಗುರ ಕಬ್ಬಿಣ ಅಂತಾರೆ. ಪೂರ್ತಿ ತೂಕದ್ದು ಲೆಕ್ ತೆಮ್. ಅಂಗಡಿಯವರೇ ಎರಡಕ್ಕೂ ಬೇರೆ ಬೇರೆ ರೇಟು ಹೇಳುತ್ತಾರೆ, ಏನೂ ಮುಚ್ಚಿಡುವುದಿಲ್ಲ. ಕೇಳಬೇಕು ಅನ್ನೋದು ನಮಗೆ ಗೊತ್ತಿರಬೇಕು ಅಷ್ಟೇ. "ಲೆಕ್ ತೆಮ್" ಅಂತ ಬಾಯಿಬಿಟ್ಟು ಕೇಳಿ, ಕಂಬಿಯ ಮೇಲಿನ ಅಕ್ಷರ ಓದಿ.

ಜಾಗದ ಕಾಗದದಲ್ಲಿ ನಮಗೆ ತೊಂದರೆ ಆಗಲಿಲ್ಲ, ಆದರೂ ಹೇಳುತ್ತೇನೆ. ನಮ್ಮಂಥ ಹೊರದೇಶದವರ ಹೆಸರಿಗೆ ಅಲ್ಲಿ ಜಮೀನು ಆಗುವುದಿಲ್ಲ. ಹೆಂಡತಿ ಹೆಸರಿಗೆ ಕೊಳ್ಳುವಾಗ ದುಡ್ಡು ಅವಳದೇ ಅಂತ ನಾವು ಸಹಿ ಹಾಕಬೇಕು. ಚನೋಟ್, ಅಂದರೆ ಪೂರ್ತಿ ಒಡೆತನದ ಹಕ್ಕುಪತ್ರ ಇರುವ ಜಾಗವನ್ನೇ ನೋಡಿ, ಅದರ ಮೇಲೆ ಕೆಂಪು ಗರುಡನ ಮುದ್ರೆ ಇರುತ್ತದೆ. ಸೊ ಪೊ ಕೊ ಅನ್ನುವ ಕಾಗದದ ಜಮೀನು ಅಗ್ಗಕ್ಕೆ ಬರುತ್ತದೆ. ಅದು ಸರ್ಕಾರ ಬೇಸಾಯಕ್ಕೆ ಕೊಟ್ಟದ್ದು, ಮಾರುವ ಹಾಗಿಲ್ಲ. ಕಟ್ಟುವ ಮೊದಲು ಒ ಬೊ ತೊ ಕಚೇರಿಗೆ ಹೋಗಿ, ನಮ್ಮ ಪಂಚಾಯಿತಿ ಇದ್ದ ಹಾಗೆ ಅದು, ಪರ್ಮಿಟ್ ಅಲ್ಲೇ. ಸರ್ಕಾರದ ಉಚಿತ ಮನೆ ನಕ್ಷೆಗಳೂ ಇವೆ, ಕೇಳಿ. ನಾನು ಕೇಳಲಿಲ್ಲ. ಆ ನಕ್ಷೆ ಕೈಯಲ್ಲಿದ್ದಿದ್ದರೆ ಅಡಿಗೆಮನೆಯ ಪಾಯ ಎಷ್ಟು ಆಳ ಅಂತ ಜಗಳವಾಡಲು ಒಂದು ಆಧಾರ ಇರುತ್ತಿತ್ತು.

ಒಡೆಸಿದ್ದು, ಪೈಪು, ಮತ್ತೆ ಮಣ್ಣು, ಉಳಿದ ಕೆಲಸಕ್ಕೆ ಬೇರೆ ಚಾಂಗ್, ಎಲ್ಲ ಸೇರಿ ಇಲ್ಲಿಯವರೆಗೆ 1,60,000 ಬಾತ್ ಹೆಚ್ಚಿಗೆ ಹೋಗಿದೆ. ಅಡಿಗೆಮನೆ ಇನ್ನೂ ಇಲ್ಲ. ಅತ್ತೆ ತಾಯ್ ಥುನ್‌ನಲ್ಲೇ ಇದ್ದಿಲ ಒಲೆ ಇಟ್ಟುಕೊಂಡು ಅಡಿಗೆ ಮಾಡುತ್ತಾರೆ. ಹೊಸ ಅಡಿಗೆಮನೆ ತನ್ನದೇ ಕಂಬದ ಮೇಲೆ, ದೊಡ್ಡ ಮನೆಗೆ ಎಲ್ಲೂ ತಾಗದ ಹಾಗೆ, ನಡುವೆ ಎರಡು ಬೆರಳು ಸಂದಿ ಬಿಟ್ಟು ಏಳಬೇಕು ಅಂತ ತೀರ್ಮಾನಿಸಿದ್ದೇವೆ. ಯಾವಾಗ ಅಂತ ಈ ಸಲ ಮಾವ ಹೇಳುತ್ತಾರೆ. ಒಡೆಸಿದ ಮೇಲೆ ಮತ್ತೆ ಮಣ್ಣು ತುಂಬಿಸಿದ ದಿನ ಅವರು ಮನೆಯ ಹಿಂದಿನ ಕಂಬದ ಮೇಲೆ ನೆಲದ ಮಟ್ಟಕ್ಕೆ ಇದ್ದಿಲಿನಿಂದ ಒಂದು ಗೆರೆ ಎಳೆದಿದ್ದರು. ಮೊನ್ನೆ ಊರಿಗೆ ಹೋದಾಗ ನೋಡಿದೆ, ಮಣ್ಣು ಆ ಗೆರೆಗಿಂತ ನಾಲ್ಕು ಬೆರಳು ಕೆಳಗೆ ಹೋಗಿದೆ. ಇನ್ನೂ ಮಳೆ ಮುಗಿದಿಲ್ಲ.