ಎಡಗಿವಿಗೆ ದೊಡ್ಡದು, ಬಲಗಿವಿಗೆ ಮಧ್ಯಮದ್ದು

ಎರಡು ವರ್ಷದಲ್ಲಿ ನಾಲ್ಕು ಇಯರ್‌ಫೋನ್ ಕೊಂಡಿದ್ದೇನೆ. ಒಂದು ಕಳೆಯಿತು, ಒಂದು ಕೆಟ್ಟಿತು, ಒಂದು ಮಗಳ ಪಾಲಾಯಿತು. ನಾಲ್ಕನೆಯದು ಈಗ ಕಿವಿಯಲ್ಲಿದೆ. ವೈರ್ ಇರೋದು, 550 ರೂಪಾಯಿ. ಇದಕ್ಕಿಂತ ಮೂರು ಪಟ್ಟು ಜಾಸ್ತಿ ಕೊಟ್ಟು ತಂದದ್ದಕ್ಕಿಂತ ಇದರಲ್ಲೇ ಚಲೋ ಕೇಳುತ್ತದೆ, ಅದಕ್ಕೆ ಕಾರಣ ಇಯರ್‌ಫೋನ್ ಅಲ್ಲ, ಅದರ ತುದಿಗೆ ಹಚ್ಚುವ ರಬ್ಬರ್. ಕಂಪನಿ ಹೆಸರು ಬೇಕಂತಲೇ ಬರೆದಿಲ್ಲ. ನನ್ನ ಕಿವಿಗೆ ಕೂತದ್ದು ನಿಮ್ಮ ಕಿವಿಗೆ ಕೂರುತ್ತದೆ ಅಂತ ಏನಿಲ್ಲ.

ನಾನು ಇರೋದು ವಿಜಯಪುರದಲ್ಲಿ, ಕೆಲಸ ಬಸವನ ಬಾಗೇವಾಡಿಯಲ್ಲಿ. ವಾರಕ್ಕೆ ಆರು ದಿನ ಬಸ್ಸು, ಹೋಗೋಕೆ ಒಂದು ತಾಸಿನ ಮೇಲೆ, ಬರೋಕೆ ಅಷ್ಟೇ. ಬೆಳಿಗ್ಗೆ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಕೇಳುತ್ತೇನೆ. 2023ರ ಜನವರಿಯಲ್ಲಿ ಅವರು ದೇಹ ಬಿಟ್ಟರು, ಈಗ ರೆಕಾರ್ಡಿಂಗೇ ಗತಿ. ಸಂಜೆ ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನ, ಇಲ್ಲಾ ಹಳೆ ಸಿನಿಮಾ ಹಾಡು, ಮ್ಯಾಚ್ ಇದ್ದರೆ ಕಾಮೆಂಟರಿ. ಇದನ್ನೆಲ್ಲಾ ಹೇಳಿದ್ದು ಯಾಕೆಂದರೆ ಏನು ಕೇಳುತ್ತೀರಿ, ಎಲ್ಲಿ ಕೂತು ಕೇಳುತ್ತೀರಿ ಅನ್ನೋದರ ಮೇಲೆ ಎಂಥದ್ದು ಕೊಳ್ಳಬೇಕು ಅನ್ನೋದು ನಿಂತಿದೆ.

ಮೊದಲನೆಯದನ್ನು ಗಾಂಧಿ ಚೌಕದ ಹತ್ತಿರದ ಒಂದು ಮೊಬೈಲ್ ಅಂಗಡಿಯಲ್ಲಿ ತಂದೆ. ಗೋಡೆ ತುಂಬಾ ತೂಗುಹಾಕಿದ್ದರು. ಹುಡುಗ ಒಂದನ್ನು ಕಿತ್ತು ಕೈಗೆ ಕೊಟ್ಟು, "ಇದನ್ನ ಒಯ್ರಿ ಸರ್, ಬೇಸ್ ಭಾಳ ಐತಿ" ಅಂದ. ಬೇಸ್, ಅಂದರೆ ಗುಮ್ ಅನ್ನುವ ಕೆಳಗಿನ ಸದ್ದು, ಜಾಸ್ತಿ ಇದ್ದರೆ ಚಲೋ ಅಂತ ನಾನೂ ನಂಬಿದ್ದೆ. ಡೊಳ್ಳು, ಡಿಜೆ ಕೇಳೋರಿಗೆ ಅದು ಸರಿಯೇ. ಆದರೆ ಸ್ವಾಮೀಜಿಯವರ ಮಾತು ಗೊತ್ತಲ್ಲ, ಮೆಲ್ಲಗೆ ಒಂದು ವಾಕ್ಯ, ನಡುವೆ ಸುಮ್ಮನಿರುವುದು, ಮತ್ತೆ ಒಂದು ವಾಕ್ಯ. ಆ ಇಯರ್‌ಫೋನಿನಲ್ಲಿ ಅವರು ಹರವಿಯೊಳಗೆ ಬಾಯಿ ಇಟ್ಟು ಮಾತಾಡಿದ ಹಾಗೆ ಕೇಳುತ್ತಿತ್ತು. ಮನ್ಸೂರರ ದನಿಯ ಚೂಪು ಹೋಗಿ, ತಬಲಾದ ಎಡ ಮಾತ್ರ ಗುಮ್ ಗುಮ್ ಅಂತ ಮುಂದೆ ಬಂದು ನಿಂತಿತು. ಹಾಗಾಗಿ ಅಂಗಡಿಯಲ್ಲಿ ಕೇಳಿ ನೋಡುವಾಗ ಅವರ ಫೋನಿನಲ್ಲಿರುವ ಢಂ ಢಂ ಹಾಡು ಬೇಡ. ನಿಮ್ಮ ಫೋನ್, ನಿಮಗೆ ಬಾಯಿಪಾಠ ಇರುವ ಒಂದು ಹಾಡು, ಮತ್ತೆ ಯಾರಾದರೂ ಬರೇ ಮಾತಾಡುವ ಎರಡು ನಿಮಿಷದ ತುಣುಕು, ಇಷ್ಟು ಸಾಕು. ಮಾತಿನಲ್ಲಿ ಸ, ಶ ಅಕ್ಷರ ಕಿವಿಗೆ ಚುಚ್ಚಿದರೂ ಬೇಡ, ಮಾತು ಕಂಬಳಿ ಹೊದ್ದ ಹಾಗಿದ್ದರೂ ಬೇಡ.

ಎರಡನೆಯದರ ಕಥೆ ನನ್ನದೇ ತಪ್ಪಿನದು. ಮನೆಗೆ ತಂದು ಹಚ್ಚಿದೆ, ಹಾರ್ಮೋನಿಯಂ ಇದೆ, ತಬಲಾ ಇದೆ, ಹಾಡುವವರೇ ಇಲ್ಲ! ಎಲ್ಲೋ ದೂರದ ಬಾವಿಯಲ್ಲಿ ಯಾರೋ ಗುನುಗಿದ ಹಾಗೆ. ಪ್ರವಚನ ಹಚ್ಚಿದರೆ ಪೂರ್ತಿ ಮೌನ. ಡಬ್ಬಿ ಸಮೇತ ಅಂಗಡಿಗೆ ಹೋಗಿ ಸ್ವಲ್ಪ ಜೋರಾಗೇ ಮಾತಾಡಿದೆ. ಅಂಗಡಿಯ ಕಾಕಾ ಏನೂ ಅನ್ನಲಿಲ್ಲ. ನನ್ನ ಫೋನ್ ತೆಗೆದುಕೊಂಡು ಹಿಂದಿನ ದಪ್ಪ ಕವರ್ ಕಿತ್ತರು, ಪಿನ್ನನ್ನು ಟಕ್ ಅನ್ನುವವರೆಗೆ ಒತ್ತಿದರು, "ಈಗ ಕೇಳ್ರಿ" ಅಂದರು. ಹಾಡುವವರು ವಾಪಸ್ ಬಂದಿದ್ದರು. ಕವರಿನ ತೂತು ಸಣ್ಣದಿತ್ತು, ಪಿನ್ ಪೂರ್ತಿ ಇಳಿದಿರಲಿಲ್ಲ, ಅಷ್ಟೇ. ಪಿನ್ನಿನಲ್ಲಿ ಎಡ ಬಲ ಎರಡಕ್ಕೂ ಸೇರಿ ಇರುವ ಒಂದು ಸಂಪರ್ಕ (ಗ್ರೌಂಡ್ ಅಂತಾರೆ) ತಪ್ಪಿದರೆ ಎರಡೂ ಕಡೆ ಒಂದೇ ಸಮ ಇರುವ ಸದ್ದು ಒಂದನ್ನೊಂದು ಅಳಿಸಿಹಾಕುತ್ತದೆ, ಎಡಕ್ಕೂ ಬಲಕ್ಕೂ ಬೇರೆ ಇರುವುದು ಮಾತ್ರ ಉಳಿಯುತ್ತದೆ. ಹಾಡುವ ದನಿ ಸಾಮಾನ್ಯವಾಗಿ ನಡುವೆ ಇರುವುದರಿಂದ ಅದೇ ಮಾಯ. ಪ್ರವಚನದ ರೆಕಾರ್ಡಿಂಗ್ ಎರಡೂ ಕಡೆ ಒಂದೇ ಆಗಿದ್ದರೆ ಏನೂ ಉಳಿಯಲ್ಲ. ನಿಮ್ಮ ಇಯರ್‌ಫೋನಿನಲ್ಲಿ ಹಾಡುವವರು ಕಾಣೆಯಾದರೆ ಅಂಗಡಿಯವರ ಮೇಲೆ ಹಾಯುವ ಮೊದಲು ಕವರ್ ತೆಗೆದು ನೋಡಿ. ಕಾಕಾ ಅವತ್ತು ಚಹಾ ಕೂಡ ಕುಡಿಸಿ ಕಳಿಸಿದರು, ನನಗೇ ನಾಚಿಕೆ.

ಆಮೇಲೆ ಹೊಸ ಫೋನ್ ಬಂತು. ಅದರಲ್ಲಿ ಇಯರ್‌ಫೋನಿನ ಗುಂಡಗಿನ ತೂತೇ ಇಲ್ಲ. 2016ರಲ್ಲಿ ಆಪಲ್ ಐಫೋನ್ 7ರಲ್ಲಿ ಅದನ್ನು ತೆಗೆಯಿತು, ಉಳಿದವರೂ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿದರು. ಈಗ ಟೈಪ್ ಸಿ ಒಂದೇ ಬಾಯಿ, ಚಾರ್ಜಿಂಗಿಗೂ ಅದೇ, ಹಾಡಿಗೂ ಅದೇ. 80 ರೂಪಾಯಿಗೆ ಒಂದು ಕನೆಕ್ಟರ್ ತಂದು ಹಳೆ ಇಯರ್‌ಫೋನ್ ಸಿಕ್ಕಿಸಿ, ಕಿವಿಗೆ ಹಾಕಿ, ಬಸ್ಸಿನಲ್ಲಿ ಪ್ಲೇ ಒತ್ತಿದೆ. ಸದ್ದು ಬರಲಿಲ್ಲ. ವಾಲ್ಯೂಮ್ ಏರಿಸಿದೆ, ಇನ್ನೂ ಏರಿಸಿದೆ, ಆಮೇಲೆ ನೋಡಿದರೆ ಇಡೀ ಬಸ್ಸು ನನ್ನ ಕಡೆ ನೋಡುತ್ತಿದೆ, ಪ್ರವಚನ ಫೋನಿನ ಸ್ಪೀಕರಿನಲ್ಲಿ ಹೋಗುತ್ತಿತ್ತು. ಗಡಿಬಿಡಿಯಲ್ಲಿ ಬಂದ್ ಮಾಡಲು ಹೋದರೆ ಮುಂದಿನ ಸೀಟಿನ ಅಜ್ಜ ತಿರುಗಿ, "ಇರಲಿ ಬಿಡೋ ತಮ್ಮಾ, ಅಪ್ಪಗೋಳು ಮಾತಾಡಾಕತ್ಯಾರ, ಕೇಳೂಣು" ಅಂದರು. ಅವತ್ತು ಬಾಗೇವಾಡಿ ತನಕ ಹಾಗೇ ನಡೆಯಿತು.

ಆ ಕನೆಕ್ಟರ್ ಕೆಟ್ಟದ್ದೇನೂ ಅಲ್ಲ, ನನ್ನ ಫೋನಿಗೆ ಅದು ಆಗಿಬರುವುದಲ್ಲ. ಕೆಲವು ಫೋನುಗಳು ಟೈಪ್ ಸಿ ಮೂಲಕ ಇಯರ್‌ಫೋನಿಗೆ ಬೇಕಾದ ಅನಲಾಗ್ ಸಿಗ್ನಲನ್ನೇ ನೇರ ಕೊಡುತ್ತವೆ, ಅವಕ್ಕೆ ಬರೇ ತಂತಿ ಇರುವ ಅಗ್ಗದ ಕನೆಕ್ಟರ್ ಸಾಕು. ಉಳಿದವು ಡಿಜಿಟಲ್ ಮಾತ್ರ ಕೊಡುತ್ತವೆ. ಅದನ್ನು ಸದ್ದಾಗಿ ಬದಲಿಸುವ ಸಣ್ಣ ಚಿಪ್ ಕನೆಕ್ಟರಿನ ಒಳಗೇ ಇರಬೇಕು, ಅದಕ್ಕೆ ಡ್ಯಾಕ್ ಅಂತಾರೆ. ಅಂಗಡಿಯಲ್ಲಿ "ಡ್ಯಾಕ್ ಇರೋದು ಕೊಡ್ರಿ" ಅಂತ ಕೇಳಿ, ಅಲ್ಲೇ ನಿಮ್ಮ ಫೋನಿಗೆ ಹಚ್ಚಿ ನೋಡಿ, ಆಮೇಲೆ ರೊಕ್ಕ ಕೊಡಿ. ನನಗೆ 350 ಬಿತ್ತು. ಒಂದೇ ಕಿರಿಕಿರಿ ಎಂದರೆ ಹಾಡು ಕೇಳುತ್ತಾ ಚಾರ್ಜ್ ಮಾಡೋಕೆ ಆಗಲ್ಲ.

ಈ ಗೋಜಲೇ ಬೇಡ ಅಂತ ನಡುವೆ 1,800 ಕೊಟ್ಟು ವೈರ್ ಇಲ್ಲದ ಬಡ್ಸ್ ತಂದಿದ್ದೆ, ಈಗ ಮಗಳ ಹತ್ತಿರ ಇರೋದು ಅದೇ. ಅದರಲ್ಲಿ ಗದ್ದಲ ತಗ್ಗಿಸುವ ಸೌಕರ್ಯ ಇದೆ. ಎಂಜಿನ್ನಿನ ಒಂದೇ ಸಮನೆಯ ಗುಂಯ್ ಅನ್ನೋದನ್ನು ಅದು ಚೆನ್ನಾಗಿ ನುಂಗುತ್ತದೆ, ಹಾರ್ನನ್ನು ಮತ್ತು ಹಿಂದಿನ ಸೀಟಿನ ಮದುವೆ ಮಾತುಕತೆಯನ್ನು ಅಷ್ಟಾಗಿ ನುಂಗಲ್ಲ. ಫೋನ್ ಬಂದರೆ ನಾನು ಮಾತಾಡಿದ್ದು ಆ ಕಡೆಯವರಿಗೆ ಗಾಳಿಯಲ್ಲಿ ಹಾರಿಹೋಗುತ್ತಿತ್ತು, ಕಿಟಕಿ ಪಕ್ಕದ ಸೀಟಾದರೆ ಮುಗೀತು. ಮೈಕ್ ಶುರುವಾದ ಕೂಡಲೇ ಬ್ಲೂಟೂತ್ ಮಾತಿನ ರೀತಿಗೆ ಬದಲಾಗಿ ಒಟ್ಟು ಸದ್ದೇ ಪೇಲವ ಆಗುತ್ತದೆ. ವೈರಿನ ಮೈಕ್ ಬಾಯಿಯ ಹತ್ತಿರವೇ ತೂಗುತ್ತದೆ, ಆ ತೊಂದರೆ ಇಲ್ಲ. ಇನ್ನು ಡಬ್ಬಿಯ ಮೇಲೆ ಎಎಸಿ, ಎಲ್‌ಡಿಎಸಿ ಅಂತೆಲ್ಲಾ ಬರೆದಿರುತ್ತಾರೆ, ಬ್ಲೂಟೂತಿನಲ್ಲಿ ಹಾಡನ್ನು ಅಡಕ ಮಾಡಿ ಕಳಿಸುವ ಬಗೆಗಳು ಅವು. ಮನೆಯಲ್ಲಿ ರಾತ್ರಿ ಫ್ಯಾನ್ ಬಂದ್ ಮಾಡಿ ಕೇಳೋರಿಗೆ ಅದರ ವ್ಯತ್ಯಾಸ ಗೊತ್ತಾದರೂ ಆಗಬಹುದು, ಬಸ್ಸಿನಲ್ಲಿ ನನಗಂತೂ ಆಗಿಲ್ಲ. ಬಡ್ಸಿನ ಬ್ಯಾಟರಿ ಕಡಲೆ ಕಾಳಿನಷ್ಟು, ವರ್ಷ ಕಳೆದಂತೆ ತಾಸು ಕಡಿಮೆ ಆಗುತ್ತಾ ಬರುತ್ತದೆ, ಬದಲಿಸಿ ಕೊಡಿ ಅಂದರೆ ನಮ್ಮ ಕಡೆ ಯಾರೂ ಕೈ ಹಾಕಲ್ಲ. ಇಷ್ಟೆಲ್ಲಾ ಬೈದರೂ ಮಗಳಿಗೆ ಅದೇ ಇಷ್ಟ. ಓದುತ್ತಾ ಅಡ್ಡಾಡುವ ಹುಡುಗಿಗೆ ವೈರ್ ಇಲ್ಲದ್ದೇ ಸರಿ ಅನ್ನಿ.

ಈಗ ರಬ್ಬರಿನ ಮಾತು. ನಾಲ್ಕನೆಯದನ್ನು ತಂದಾಗ ಅದೂ ಮೊದಮೊದಲು ಸಪ್ಪೆಯೇ ಇತ್ತು. ಎಡಗಿವಿಯದು ಬಸ್ಸು ಗುಂಡಿಗೆ ಇಳಿದಾಗೆಲ್ಲಾ ಜಾರುತ್ತಿತ್ತು, ಬಲಗಿವಿಯದು ಸರಿ ಇತ್ತು, ಎಡಗಡೆ ಸದ್ದೇ ಕಡಿಮೆ ಅನಿಸುತ್ತಿತ್ತು. ಫೋನಿನ ಸೆಟ್ಟಿಂಗ್ಸಿನಲ್ಲಿ ಆಕ್ಸೆಸಿಬಿಲಿಟಿ ಒಳಗೆ ಎಡ ಬಲ ಸರಿದೂಗಿಸುವ ಗೆರೆ ಇರುತ್ತದೆ, ಅದನ್ನೂ ನೋಡಿದೆ, ನಟ್ಟನಡುವೆ ಇತ್ತು. ಒಂದು ಭಾನುವಾರ ಮಗಳು ಇದನ್ನು ತೆಗೆದುಕೊಂಡು ಹೋಗಿ ಸಂಜೆ ವಾಪಸ್ ಕೊಟ್ಟಳು. ಸೋಮವಾರ ಬಸ್ಸಿನಲ್ಲಿ ಹಾಕಿದೆ, ಇದು ಬೇರೆಯೇ ಇಯರ್‌ಫೋನ್! ತಂಬೂರಿ ಕೇಳುತ್ತಿದೆ, ಎಂಜಿನ್ ಹಿಂದೆ ಸರಿದಿದೆ, ಎಡ ಬಲ ಸಮ ಆಗಿದೆ. ಮನೆಗೆ ಬಂದು ಏನು ಮಾಡಿದೆ ಅಂತ ಕೇಳಿದರೆ, "ಒಂದು ರಬ್ಬರ್ ಎಲ್ಲೋ ಬಿತ್ತು ಪಪ್ಪಾ, ಡಬ್ಬ್ಯಾಗಿಂದು ದೊಡ್ಡದು ಹಚ್ಚೀನಿ, ಬೈಬ್ಯಾಡ" ಅಂದಳು.

ಅಂದರೆ ನನ್ನ ಎರಡು ಕಿವಿ ಒಂದೇ ಅಳತೆಯವಲ್ಲ. ಎಷ್ಟೋ ಜನರದ್ದು ಹೀಗೇ. ಡಬ್ಬಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಅಂತ ಮೂರು ಜೋಡಿ ಕೊಟ್ಟಿರುತ್ತಾರೆ, ನಾವು ಮಧ್ಯಮದ್ದು ಹಚ್ಚಿ ಬಂದದ್ದನ್ನು ಹಾಗೇ ಬಳಸಿ ಉಳಿದದ್ದನ್ನು ಡಬ್ಬಿ ಜೊತೆ ಎಸೆಯುತ್ತೇವೆ. ಕಿವಿಯಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಬೇಸ್ ಅಲ್ಲಿಂದ ಸೋರಿಹೋಗುತ್ತದೆ. ಉಳಿಯೋದು ಚಿರ್ ಚಿರ್ ಅನ್ನುವ ಮೇಲಿನ ಸದ್ದು. ಆಗ ನಾವು ಇಯರ್‌ಫೋನ್ ಸರಿ ಇಲ್ಲ ಅಂತ ಬೇಸ್ ಜಾಸ್ತಿ ಇರುವ ಇನ್ನೊಂದು ತರುತ್ತೇವೆ.

ಹಾಕುವ ರೀತಿ ಹೀಗೆ: ಬಲಗಿವಿಗಾದರೆ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ತುದಿಯನ್ನು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆಯಿರಿ, ಬಲಗೈಯಿಂದ ಇಯರ್‌ಫೋನನ್ನು ಮೆಲ್ಲಗೆ ತಿರುವುತ್ತಾ ಒಳಗೆ ಬಿಡಿ, ಕಿವಿ ಬಿಡಿ. ಈಗ ಹಾಡು ಹಚ್ಚದೇ "ಆ" ಅನ್ನಿ. ನಿಮ್ಮ ದನಿ ತಲೆಯೊಳಗೆ ಗುಮ್ಮಟದಲ್ಲಿ ಕೂಗಿದ ಹಾಗೆ ತುಂಬಿ ಕೇಳಿದರೆ ಸರಿಯಾಗಿ ಕೂತಿದೆ. (ಗೋಳಗುಮ್ಮಟ ನೋಡೋಕೆ ಬಂದವರು ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಗುಟ್ಟೋದೇ ಇಲ್ಲ, ಬರೇ ಚೀರೋದು. ಅದು ಬೇರೆ ಮಾತು.) ಒಂದು ಕಿವಿಯಲ್ಲಿ ತುಂಬಿ ಇನ್ನೊಂದರಲ್ಲಿ ತುಂಬದಿದ್ದರೆ ಆ ಕಡೆಯ ರಬ್ಬರ್ ಬದಲಿಸಿ. ನೋವಾಗುತ್ತಿದ್ದರೆ ದೊಡ್ಡದಾಯಿತು ಅಂತ ಅರ್ಥ, ಒತ್ತಿ ಕೂರಿಸಬೇಡಿ.

ಬಿಗಿಯಾಗಿ ಕೂತರೆ ಕೆಲವು ಹೊಸ ಕಿರಿಕಿರಿಯೂ ಬರುತ್ತವೆ. ನಿಮ್ಮ ಹೆಜ್ಜೆ ನಿಮಗೇ ದಬ್ ದಬ್ ಕೇಳುತ್ತದೆ. ಶೇಂಗಾ ತಿಂದರಂತೂ ತಲೆಯೊಳಗೆ ಹಿಟ್ಟಿನ ಗಿರಣಿ. ವೈರ್ ಅಂಗಿಗೆ ಉಜ್ಜಿದ್ದು ಗರಗರ ಅನ್ನುತ್ತದೆ, ವೈರನ್ನು ಕಿವಿಯ ಮೇಲಿಂದ ಸುತ್ತಿ ಹಿಂದೆ ಇಳಿಬಿಟ್ಟರೆ ಅದು ಬಹಳ ಮಟ್ಟಿಗೆ ಹೋಗುತ್ತದೆ. ಗಾಂಧಿ ಚೌಕ ದಾಟುವಾಗ ಎರಡನ್ನೂ ಕಿತ್ತು ಜೇಬಿಗೆ ಹಾಕುತ್ತೇನೆ, ಆಟೋ ಯಾವ ಕಡೆಯಿಂದ ಬರುತ್ತದೆ ಅನ್ನೋದು ಅಲ್ಲಿ ಕಿವಿಯಿಂದಲೇ ಗೊತ್ತಾಗಬೇಕು.

ದೊಡ್ಡ ಲಾಭ ವಾಲ್ಯೂಮಿನದು. ಹೊರಗಿನ ಗದ್ದಲ ಒಳಗೆ ಬರದಿದ್ದರೆ ಸದ್ದು ಏರಿಸಬೇಕಾಗಿಲ್ಲ, ಅಲ್ವಾ? ಮೊದಲು ಬಸ್ಸಿನಲ್ಲಿ ವಾಲ್ಯೂಮ್ ಪಟ್ಟಿಯ ತುದಿಗೆ ಹೋಗುತ್ತಿದ್ದೆ, ಈಗ ಅರ್ಧಕ್ಕಿಂತ ಒಂದೆರಡು ಗೆರೆ ಮೇಲೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ದೊಡ್ಡವರು 80 ಡೆಸಿಬಲ್ಲಿನಲ್ಲಿ ವಾರಕ್ಕೆ 40 ತಾಸು ಕೇಳಬಹುದು. 90ಕ್ಕೆ ಏರಿಸಿದರೆ 40 ತಾಸು ಹೋಗಿ 4 ತಾಸಿಗೆ ಇಳಿಯುತ್ತದೆ. ನನ್ನ ಲೆಕ್ಕದಲ್ಲಿ ಸೋಮವಾರ ಬಸ್ ಹತ್ತಿದವನ ವಾರದ ಪಾಲು ಮಂಗಳವಾರ ಸಂಜೆ ಮನೆ ಮುಟ್ಟುವುದರೊಳಗೆ ಖಲಾಸ್. ಇಯರ್‌ಫೋನ್ ತೆಗೆದ ಮೇಲೂ ಕಿವಿಯಲ್ಲಿ ಕುಂಯ್ ಅನ್ನುತ್ತಿದ್ದರೆ ಜಾಸ್ತಿ ಆಗಿದೆ ಅಂತಲೇ.

ಧೂಳಿನ ಬಗ್ಗೆ ಒಂದು ಮಾತು, ನಮ್ಮೂರಿನವರಿಗೆ ಇದು ಬೇಕು. ಡಬ್ಬಿಯ ಮೇಲೆ ಐಪಿಎಕ್ಸ್4 ಅಂತ ಇದ್ದರೆ ಅಂಗಡಿಯವರು "ಏನೂ ಆಗಲ್ಲರಿ" ಅಂತಾರೆ. ಆ 4 ನೀರು ಚಿಮ್ಮಿದರೆ, ಬೆವರು ಹತ್ತಿದರೆ ತಡೆಯುತ್ತದೆ ಅನ್ನೋದಕ್ಕೆ. ಎಕ್ಸ್ ಇರುವ ಜಾಗ ಧೂಳಿನದು, ಎಕ್ಸ್ ಅಂದರೆ ಧೂಳಿಗೆ ಪರೀಕ್ಷೆಯ ಅಂಕಿಯೇ ಕೊಟ್ಟಿಲ್ಲ ಅಂತ. ಅಲ್ಲಿ 5 ಇದ್ದರೆ, ಅಂದರೆ ಐಪಿ54, ಐಪಿ55 ಅಂತ ಇದ್ದರೆ, ಧೂಳನ್ನು ಸುಮಾರಾಗಿ ತಡೆಯುತ್ತದೆ. ನನ್ನ 550 ರೂಪಾಯಿಯದಕ್ಕೆ ಯಾವ ಅಂಕಿಯೂ ಇಲ್ಲ, ಅದನ್ನು ಹಳೆ ಕನ್ನಡಕದ ಡಬ್ಬಿಯಲ್ಲಿ ಇಡುತ್ತೇನೆ.

ಹದಿನೈದು ದಿನಕ್ಕೊಮ್ಮೆ ರಬ್ಬರ್ ಕಿತ್ತು ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸುತ್ತೇನೆ. ಒಳಗೆ ಸಣ್ಣ ಜಾಲರಿ ಕಾಣುತ್ತದೆ. ಒಂದು ಕಡೆ ಸದ್ದು ಕಡಿಮೆಯಾದರೆ ಎಷ್ಟೋ ಸಲ ಆ ಜಾಲರಿಗೆ ಕುಗ್ಗೆ ಮೆತ್ತಿಕೊಂಡಿರುತ್ತದೆ. ಜಾಲರಿಯನ್ನು ಕೆಳಮುಖ ಹಿಡಿದು ಒಣಗಿದ ಮೆತ್ತನೆ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಆಡಿಸಿದರೆ ಉದುರುತ್ತದೆ. ಮೇಲ್ಮುಖ ಹಿಡಿದರೆ ಒಳಗೇ ಹೋಗುತ್ತದೆ. ಸೂಜಿ, ಪಿನ್ನು ಬೇಡವೇ ಬೇಡ. ನನ್ನ ಎರಡನೆಯದು ಕೆಟ್ಟದ್ದು ಸೂಜಿಯಿಂದಲೇ.

ಉಳಿದ ಒಂದು ದೊಡ್ಡ ರಬ್ಬರ್, ಸಣ್ಣವೆರಡು ಕನ್ನಡಕದ ಡಬ್ಬಿಯಲ್ಲೇ ಇದ್ದವು. ಹೋದ ತಿಂಗಳು ಬಸ್ಸಿನ ಕಿಟಕಿಯಲ್ಲಿ ಎಡಗಡೆಯದು ಹಾರಿಹೋಯಿತು, ಮನಗೂಳಿ ದಾಟುವುದರೊಳಗೆ ಇನ್ನೊಂದು ಹಚ್ಚಿಕೊಂಡಿದ್ದೆ. ಈಗ ದೊಡ್ಡದು ಒಂದೂ ಉಳಿದಿಲ್ಲ, ಕಾಕಾನ ಅಂಗಡಿಯಲ್ಲಿ ಬಿಡಿ ರಬ್ಬರ್ ಸಿಗುತ್ತವಂತೆ, ಶನಿವಾರ ಹೋಗಬೇಕು.