ಗುಜರಿಯ ಹಳೇ ಹತಾರ: ಏನೆಂದು ತಿಳಿಯುವ ತನಕ ಗಾಡಿಗೆ ಹಚ್ಚಬೇಡಿ

ಮುಂಬಯಿ ಹತ್ತಿರದ ದೋಂಬಿವಲಿಯಲ್ಲಿ ಕನ್ನಡಿಗರೊಬ್ಬರ ಎರಡು ಬೆರಳು ಮುರಿದಿವೆ. ಕಾರಣ ಎರಡು ಹಳೇ ವಾಲ್ವ್ ಲಿಫ್ಟರ್, ಅಂದರೆ ಎಂಜಿನ್ ವಾಲ್ವಿನ ಸ್ಪ್ರಿಂಗ್ ಒತ್ತುವ ಹತಾರ. ಅವು ವಾಲ್ವ್ ಲಿಫ್ಟರ್ ಅನ್ನುವುದು ಅವರಿಗೆ ಗೊತ್ತಾದದ್ದು ಕೈಗೆ ಪ್ಲಾಸ್ಟರ್ ಬಿದ್ದ ಮೇಲೆ. ಹಳೇ ಗಾಡಿ ಇಟ್ಟುಕೊಂಡವರು, ಮುಂಬಯಿ ಚೋರ್ ಬಜಾರಿನ ಮಟನ್ ಸ್ಟ್ರೀಟು, ಪುಣೆಯ ಜುನಾ ಬಜಾರು ಎಂದು ಹತಾರ ಹುಡುಕುತ್ತ ತಿರುಗುವವರು ಇದನ್ನು ಪೂರ್ತಿ ಓದಿ.

ಅವರದು ತಂದೆಯ ಕಾಲದ ಪ್ರೀಮಿಯರ್ ಪದ್ಮಿನಿ, ಅಂದರೆ ಫಿಯಟ್ ಮಾದರಿಯ ಹಳೇ ಕಾರು. ಮುಂದಿನ ಎಡಗಡೆಯ ಕಾಯಿಲ್ ಸ್ಪ್ರಿಂಗ್ ಕುಸಿದು ಗಾಡಿ ಒಂದು ಮಗ್ಗುಲಿಗೆ ವಾಲುತ್ತಿತ್ತು. ಗುಜರಿ ಅಂಗಡಿಯೊಂದರಿಂದ ಗೋಣಿಚೀಲದ ಲೆಕ್ಕದಲ್ಲಿ ಹತಾರ ತಂದಿದ್ದರು. ಅದರಲ್ಲಿ ಸಿ ಆಕಾರದ ಎರಡು ಚೌಕಟ್ಟುಗಳಿದ್ದವು, ಒಂದು ತುದಿಗೆ ಸ್ಕ್ರೂ ಮತ್ತು ಬಟ್ಟಲು, ಇನ್ನೊಂದು ತುದಿಗೆ ಗುಂಡಿ. ‘ಫಿಯಾಟ್ ಕಾ ಹೈ, ಸ್ಪ್ರಿಂಗ್ ದಬಾನೇ ಕಾ’ ಅಂದಿದ್ದನಂತೆ ಅಂಗಡಿಯವನು. ಸ್ಪ್ರಿಂಗ್ ಒತ್ತಲು ಎಂದದ್ದು ಸುಳ್ಳೂ ಅಲ್ಲ. ಯಾವ ಸ್ಪ್ರಿಂಗ್ ಎಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ.

ಎರಡೂ ಚೌಕಟ್ಟುಗಳನ್ನು ಸ್ಪ್ರಿಂಗಿನ ಎದುರುಬದುರು ಸಿಕ್ಕಿಸಿ, ಮೂರು ಸುತ್ತುಗಳನ್ನು ಹಿಡಿಸಿ, ಸ್ಕ್ರೂ ಬಿಗಿಯುತ್ತ ಹೋದರು. ಜೊತೆಗಿದ್ದ ಅಕ್ಕನ ಮಗ ‘ಮಾಮಾ, ಓರೆ ಆಗ್ತಿದೆ, ತಡೀರಿ’ ಅನ್ನುವಷ್ಟರಲ್ಲಿ ಒಂದು ಚೌಕಟ್ಟಿನ ಬಟ್ಟಲು ತಂತಿಯ ಮೇಲಿಂದ ಜಾರಿತು. ಇಡೀ ಭಾರ ಎರಡನೆಯದರ ಮೇಲೆ ಬಿದ್ದು ಅದು ಬಾಯಿ ಅಗಲಿಸಿತು. ಸ್ಪ್ರಿಂಗ್ ಹಾರಿ ಮಡ್‌ಗಾರ್ಡಿಗೆ ಬಡಿಯಿತು, ಬೆರಳು ನಡುವೆ ಸಿಕ್ಕಿತು. ತಲೆ ಆ ಸಾಲಿನಲ್ಲಿ ಇರಲಿಲ್ಲವೆಂದು ಇದು ಬೆರಳಿನ ಮಾತಾಗಿ ಉಳಿದಿದೆ.

ಆದದ್ದು ಯಾಕೆಂದು ನೋಡಿ. ಪದ್ಮಿನಿಯ ತೂಕ 900 ಕಿಲೋ ಆಸುಪಾಸು, ಅಂದರೆ ಚಕ್ರವೊಂದಕ್ಕೆ 200 ಕಿಲೋಗೂ ಮೇಲೆ. ಸ್ಪ್ರಿಂಗ್ ಕೂತಿರುವುದು ಚಕ್ರಕ್ಕಿಂತ ಒಳಗೆ, ಚಕ್ರವನ್ನು ಹಿಡಿಯುವ ವಿಶ್‌ಬೋನ್ ಎಂಬ ತೋಳುಗಳ ನಡುವೆ. ಸನ್ನೆಯ ಲೆಕ್ಕದಲ್ಲಿ ಅದರ ಮೇಲಿನ ಭಾರ ಇನ್ನೂ ಹೆಚ್ಚು. ಎಂಜಿನ್ ವಾಲ್ವಿನ ಸ್ಪ್ರಿಂಗ್ ಒತ್ತಲು ಕೆಲವು ಹತ್ತು ಕಿಲೋ ಬಲ ಸಾಕು, ಲಿಫ್ಟರಿನ ಚೌಕಟ್ಟನ್ನು ಮಾಡಿರುವುದೂ ಅಷ್ಟಕ್ಕೇ. ಮೇಲಾಗಿ ಅದರ ಬಟ್ಟಲಿನ ಅಂಚು ಚಪ್ಪಟೆ, ಸ್ಪ್ರಿಂಗ್ ತಂತಿ ದುಂಡಗೆ, ಅದೂ ಓರೆ. ಬಿಗಿದಷ್ಟೂ ಬಟ್ಟಲನ್ನು ಪಕ್ಕಕ್ಕೆ ತಳ್ಳುವ ಬಲ ಏರುತ್ತದೆ. ಜಾರದಿದ್ದರೇ ಆಶ್ಚರ್ಯ.

ವಾಲ್ವ್ ಲಿಫ್ಟರನ್ನು ಗುರುತಿಸುವುದು ಕಷ್ಟವಲ್ಲ. ಒಂದು ತುದಿಯಲ್ಲಿ ದುಂಡನೆಯ ನಯವಾದ ಗುಂಡಿ ಇರುತ್ತದೆ, ಅದು ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಒಳಬದಿಯಲ್ಲಿ ವಾಲ್ವಿನ ಮುಖಕ್ಕೆ ಆನಿಸುವುದು. ಇನ್ನೊಂದು ತುದಿಯಲ್ಲಿ ಬಟ್ಟಲು ಅಥವಾ ಕವಲು, ಅದರ ಪಕ್ಕದಲ್ಲಿ ಕಿಟಕಿಯಂತೆ ಕತ್ತರಿಸಿದ ಜಾಗ. ಸ್ಪ್ರಿಂಗ್ ಕೆಳಗಿಳಿದಾಗ ಆ ಕಿಟಕಿಯಿಂದ ವಾಲ್ವಿನ ಎರಡು ಕಾಟರ್‌ಗಳನ್ನು (ಸ್ಪ್ರಿಂಗನ್ನು ವಾಲ್ವಿಗೆ ಹಿಡಿದಿಡುವ ಸಣ್ಣ ತುಂಡುಗಳು) ಬೆರಳಲ್ಲೋ ಚಿಮಟದಲ್ಲೋ ತೆಗೆಯುತ್ತಾರೆ. ಕಿಟಕಿ ಕಂಡಿತೋ, ಅದು ಹೆಡ್ ಕೆಲಸದ ಹತಾರ. ಮತ್ತೆ ಯೋಚಿಸಬೇಕಿಲ್ಲ.

ಸಸ್ಪೆನ್ಷನ್ನಿನ ಸ್ಪ್ರಿಂಗ್ ಕಂಪ್ರೆಸರ್ ಬೇರೆಯೇ ಜಾತಿ. ಉದ್ದನೆಯ ದಪ್ಪ ರಾಡು, ಅದರ ಮೇಲೆ ಚೌಕ ಅಥವಾ ಟ್ರಪೀಜಿಯಂ ಆಕಾರದ ಥ್ರೆಡ್, ತಂತಿಯನ್ನು ಅಪ್ಪಿಕೊಳ್ಳುವ ಆಳವಾದ ಕೊಕ್ಕೆಗಳು, ಕೊಕ್ಕೆ ಕಳಚದಂತೆ ಪಿನ್ನು ಅಥವಾ ಅಡ್ಡಪಟ್ಟಿ. ಇನ್ನೊಂದು ಬಗೆಯಲ್ಲಿ ಒಂದೇ ರಾಡು ಸ್ಪ್ರಿಂಗಿನ ನಡುವೆ ಹಾಯುತ್ತದೆ, ಎರಡು ಕಡೆಗೂ ತಟ್ಟೆ ಇರುತ್ತದೆ. ಅಸಲಿ ಕಂಪ್ರೆಸರ್ ಸಿಕ್ಕರೂ ಥ್ರೆಡ್ ನೋಡದೆ ಬಳಸಬೇಡಿ. ನಟ್ಟನ್ನು ರಾಡಿನ ಮೇಲೆ ಹಿಂದೆಮುಂದೆ ಅಲುಗಿಸಿ ನೋಡಿ. ತಿರುಗಿಸದೆಯೇ ಕಣ್ಣಿಗೆ ಕಾಣುವಷ್ಟು ಸರಿದರೆ ಥ್ರೆಡ್ ಸವೆದಿದೆ. ಕೊಕ್ಕೆಯ ಬುಡಕ್ಕೆ ಸೀಮೆಎಣ್ಣೆ ಹಚ್ಚಿ, ಒಳಗಿಳಿಯಲು ಬಿಟ್ಟು, ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿ ಅರ್ಧ ಗಂಟೆ ಬಿಡಿ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಸುಣ್ಣದ ಮೇಲೆ ಗೆರೆಯಾಗಿ ಮೂಡುತ್ತದೆ. ವೆಲ್ಡ್ ಮಾಡಿ ಸರಿಪಡಿಸಿದ ಕೊಕ್ಕೆಯಾದರೆ ಮುಟ್ಟಲೇ ಬೇಡಿ.

ಅದೇ ಚೀಲದ ಎರಡನೆಯ ಅನಾಹುತ ಸಣ್ಣದು, ಆದರೆ ಎಲ್ಲರ ಮನೆಯಲ್ಲೂ ಆಗುವಂಥದ್ದು. ಆರು ಪಾನಾಗಳ (ಸ್ಪ್ಯಾನರ್) ಸೆಟ್ಟು, ಒಳ್ಳೆಯ ಇಂಗ್ಲಿಷ್ ಉಕ್ಕು, ಒಂದರ ಮೇಲೆ ‘1/4 ಡಬ್ಲ್ಯೂ’ ಮತ್ತು ‘5/16 ಬಿಎಸ್’ ಎಂಬ ಗುರುತು. ಪದ್ಮಿನಿಯ 13 ಎಂಎಂ ತಲೆಯ ಬೋಲ್ಟಿಗೆ ಹಾಕಿದರೆ ಕೂತಿತು. ಎಳೆದರೆ ಬೋಲ್ಟಿನ ಮೂಲೆ ಹಾರಿತು. ನಾಲ್ಕು ಬೋಲ್ಟ್ ದುಂಡಗಾದ ಮೇಲೆ ಉಳಿ, ಸುತ್ತಿಗೆ.

ಅದು ವಿಟ್‌ವರ್ತ್ ಎಂಬ ಹಳೇ ಬ್ರಿಟಿಷ್ ಇಂಚು ಅಳತೆಯ ಪಾನಾ. ಅದರ ಮೇಲಿನ ಅಳತೆ ಬಾಯಿಯದಲ್ಲ, ಬೋಲ್ಟಿನ ದೇಹದ್ದು. 1/4 ಇಂಚು ದಪ್ಪದ ಬಿಎಸ್‌ಡಬ್ಲ್ಯೂ (ಬ್ರಿಟಿಷ್ ಸ್ಟ್ಯಾಂಡರ್ಡ್ ವಿಟ್‌ವರ್ತ್) ಬೋಲ್ಟಿನ ತಲೆ 0.525 ಇಂಚು, ಅಂದರೆ 13.3 ಎಂಎಂ. ಬಿಎಸ್‌ಎಫ್‌ನಲ್ಲಿ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್) ಒಂದು ಅಳತೆ ದಪ್ಪದ 5/16 ಬೋಲ್ಟಿಗೂ ಅದೇ ತಲೆ, ಅದಕ್ಕೇ ಒಂದೇ ಬಾಯಿಗೆ ಎರಡು ಗುರುತು. ಎಎಫ್ (ಅಕ್ರಾಸ್ ಫ್ಲಾಟ್ಸ್) ಪಾನಾದಲ್ಲಾದರೆ ಬರೆದದ್ದೇ ಬಾಯಿಯ ಅಗಲ: 1/2 ಅಂದರೆ 12.7 ಎಂಎಂ. ಉಳಿದ ವಿಟ್‌ವರ್ತ್ ಬಾಯಿಗಳು 3/16ಕ್ಕೆ 11.3 ಎಂಎಂ, 5/16ಕ್ಕೆ 15.2, 3/8ಕ್ಕೆ 18.0, 7/16ಕ್ಕೆ 20.8, 1/2ಕ್ಕೆ 23.4. ಇವುಗಳಲ್ಲಿ ಮೋಸ ಮಾಡುವುದು 13.3 ಮತ್ತು 15.2. 13 ಮತ್ತು 15 ಎಂಎಂ ತಲೆಗೆ ಸರಿಯಾಗಿ ಕೂತಂತೆ ಅನ್ನಿಸಿ, ಜೋರು ಬಿದ್ದಾಗ ಬರೀ ಮೂಲೆಗಳ ಮೇಲೆ ಹಿಡಿಯುತ್ತವೆ. ತುಂಬಾ ಸಡಿಲ ಇರುವ ಪಾನಾವನ್ನು ಯಾರೂ ಬಳಸುವುದಿಲ್ಲ, ಸ್ವಲ್ಪ ಸಡಿಲ ಇರುವುದೇ ಅಪಾಯ.

ಗಾಡಿಯ ಲೆಕ್ಕ ಸ್ಥೂಲವಾಗಿ ಹೀಗೆ. ಫಿಯಟ್, ಪದ್ಮಿನಿ ಎಂಎಂ. ಅಂಬಾಸಡರ್ ಮತ್ತು ಹಳೇ ವಿಲ್ಲಿಸ್ ಮಾದರಿಯ ಮಹೀಂದ್ರ ಜೀಪು ಹೆಚ್ಚಾಗಿ ಎಎಫ್ ಇಂಚು. ಎರಡನೇ ಮಹಾಯುದ್ಧಕ್ಕೆ ಮೊದಲಿನ ಬ್ರಿಟಿಷ್ ಕಾರುಗಳು ಮತ್ತು ಹಳೇ ಬುಲೆಟ್ಟಿನ ಬಹುಭಾಗ ವಿಟ್‌ವರ್ತ್ ಮನೆತನ. ಗೋವಾದ ಹಳೇ ಗ್ಯಾರೇಜುಗಳಿಂದ ಬಂದ ಹತಾರದಲ್ಲಿ ಎಂಎಂ ಹೆಚ್ಚಾಗಿ ಕಂಡರೆ ಆಶ್ಚರ್ಯವಿಲ್ಲ. 1961ರ ತನಕ ಪೋರ್ಚುಗೀಸ್ ಆಡಳಿತದಲ್ಲಿ ಯುರೋಪಿನ ಗಾಡಿಗಳು ಅಲ್ಲಿಗೆ ನೇರವಾಗಿ ಇಳಿಯುತ್ತಿದ್ದವು.

ಥ್ರೆಡ್ಡಿನಲ್ಲೂ ಇದೇ ಬಲೆ ಇದೆ. ಬಿಗಿದ ಭಾಗಗಳನ್ನು ಎಳೆದು ತೆಗೆಯುವ ಹಳೇ ಪುಲ್ಲರಿನ ನಡುವಿನ ಸ್ಕ್ರೂ ಕಳೆದುಹೋಗಿ ಅಂಗಡಿಯವನು ಕೈಗೆ ಸಿಕ್ಕಿದ್ದನ್ನು ತುರುಕಿರುತ್ತಾನೆ. 1/2 ಇಂಚಿನ ಬಿಎಸ್‌ಡಬ್ಲ್ಯೂಗೆ ಇಂಚಿಗೆ 12 ಸುತ್ತು, ಅಮೆರಿಕನ್ ಯುಎನ್‌ಸಿಗೆ 13. ಎರಡು ಮೂರು ಸುತ್ತು ಹೋಗಿ ಬಿಗಿಯಾಗುತ್ತದೆ, ತುಕ್ಕು ಹಿಡಿದಿದೆ ಎಂದುಕೊಂಡು ನೀವು ಪಾನಾ ಹಾಕುತ್ತೀರಿ. ಭಾರ ಬಿದ್ದಾಗ ಆ ಎರಡು ಮೂರು ಸುತ್ತು ಕಿತ್ತುಕೊಂಡು ಬರುತ್ತದೆ. 3/8 ಮತ್ತು 1/4ರಲ್ಲಿ ಸುತ್ತಿನ ಸಂಖ್ಯೆ ಎರಡಕ್ಕೂ ಒಂದೇ, ಕ್ರಮವಾಗಿ 16 ಮತ್ತು 20, ಆದರೆ ಕೋನ ಬೇರೆ: ವಿಟ್‌ವರ್ತ್ 55 ಡಿಗ್ರಿ, ಅಮೆರಿಕನ್ 60. ಪಿಚ್ ಗೇಜ್ (ಥ್ರೆಡ್ ಅಳೆಯುವ ಹಲ್ಲಿನ ಪಟ್ಟಿ) ಇಟ್ಟು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಬೆಳಕು ಸೋರುವುದು ಕಾಣುತ್ತದೆ. 55 ಮತ್ತು 60 ಎರಡೂ ಇರುವ ಗೇಜನ್ನೇ ಕೊಳ್ಳಿ, ಎಂಎಂ ಗೇಜು ಇದಕ್ಕೆ ಬರುವುದಿಲ್ಲ.

ಇನ್ನು ತೊಳೆಯುವ ವಿಷಯ. ಆ ಚೀಲದ ಮಾಲನ್ನೆಲ್ಲ ಮನೆಗೆ ತಂದ ದಿನವೇ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಫಳಫಳ ಮಾಡಿದ್ದರು. ಲಿಫ್ಟರಿನ ಬೆನ್ನ ಮೇಲಿದ್ದ ಗುರುತು ಅರ್ಧ ಅಳಿಸಿಹೋಗಿದೆ. ಉಳಿದದ್ದು ‘18ಜಿ’ ಮಾತ್ರ. ಅಷ್ಟನ್ನು ಓದಿದ್ದರೂ ಸಾಕಿತ್ತು: 18ಜಿ ಎಂದು ಶುರುವಾಗುವ ಸಂಖ್ಯೆ ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಸರ್ವಿಸ್ ಹತಾರದ್ದು, ಅಂದರೆ ಮಾರಿಸ್, ಆಸ್ಟಿನ್, ನಮ್ಮ ಅಂಬಾಸಡರಿನ ಎಂಜಿನ್ ಇರುವ ಬಳಗ. ಫಿಯಟ್‌ನ ಸರ್ವಿಸ್ ಹತಾರವಾದರೆ ‘ಎ’ ಅಕ್ಷರದ ನಂತರ ಐದು ಅಂಕಿ ಇರುತ್ತದೆ. ‘ಫಿಯಾಟ್ ಕಾ ಹೈ’ ಅನ್ನುವ ಮಾತು ಅಲ್ಲೇ ಬಿದ್ದುಹೋಗುತ್ತಿತ್ತು.

ಹಾಗಾಗಿ ಮೊದಲು ಸೀಮೆಎಣ್ಣೆ, ಹಿತ್ತಾಳೆ ಬ್ರಷ್ಷು, ಹಳೇ ಬನಿಯನ್ ಬಟ್ಟೆ, ಅಷ್ಟೇ. ಒರೆಸಿದ ಮೇಲೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಉಜ್ಜಿ, ಕತ್ತಲ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಹೊಡೆದು ಫೋಟೋ ತೆಗೆಯಿರಿ. ಕಣ್ಣಿಗೆ ಕಾಣದ್ದು ಫೋಟೋದಲ್ಲಿ ಕಾಣುತ್ತದೆ. ಮಂಕು ಬೆಳ್ಳಿಯ ಅಥವಾ ಹಳದಿ ಛಾಯೆಯ ಲೇಪವಿದ್ದರೆ ಕ್ಯಾಡ್ಮಿಯಂ ಇರಬಹುದು. ಅದರ ಧೂಳು ವಿಷ, ಗ್ರೈಂಡರ್ ಹಚ್ಚಬೇಡಿ, ಬೆಂಕಿಯಲ್ಲಿ ಕಾಯಿಸಲೂ ಬೇಡಿ. ಬ್ರೇಕಿನ ಹತಾರಕ್ಕೆ ಅಂಟಿದ ಬೂದು ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಸಂಖ್ಯೆ ಕಂಡ ಕೂಡಲೇ ಇಸವಿ ಎಂದು ನಂಬಬೇಡಿ. ಉಬ್ಬಿದ ಅಕ್ಷರದ ‘38’ ಸಾಮಾನ್ಯವಾಗಿ ಫೋರ್ಜಿಂಗ್ ಅಚ್ಚಿನ ಸಂಖ್ಯೆ, ‘1938 ಕಾ ಮಾಲ್’ ಎಂದು ಅದಕ್ಕೆ ದುಪ್ಪಟ್ಟು ಹೇಳುತ್ತಾರೆ. ಒತ್ತಿ ಕೊರೆದ ಸಂಖ್ಯೆಯನ್ನು ಹೆಚ್ಚು ನಂಬಬಹುದು. ಅಗಲ ಬಾಣದ ಗುರುತಿನ ಪಕ್ಕದಲ್ಲಿ ಇಸವಿ ಇದ್ದರೆ ಅದು ಬ್ರಿಟಿಷ್ ಸರಕಾರದ, ಹೆಚ್ಚಾಗಿ ಸೈನ್ಯದ ಮಾಲು. ಇಸವಿ ನಿಜವೇ ಇರುತ್ತದೆ, ಆದರೆ ಲೆಕ್ಕವಿಲ್ಲದಷ್ಟು ಮಾಡಿದ ಮಾಲು, ಅಪರೂಪವಲ್ಲ. ಹಿಡಿಯ ನಡುವೆ ಒಂದು ಕಡೆ ಮಾತ್ರ ಗ್ರೈಂಡರ್ ಹೊಡೆದ ಸಪಾಟು ಕಂಡರೆ ಅಲ್ಲಿದ್ದ ಹೆಸರನ್ನು ಬೇಕೆಂದೇ ತೆಗೆದಿದ್ದಾರೆ.

ಚೀಲದ ತಳದಲ್ಲಿ ಇನ್ನೊಂದಿತ್ತು. ಪುಣ್ಯಕ್ಕೆ ಅದನ್ನು ಬಳಸಿರಲಿಲ್ಲ. ಮರದ ಹಿಡಿ, ಎರಡು ಚೂಪು ಕಾಲು, ನಡುವೆ ದಪ್ಪ ಲೋಹದ ಪಟ್ಟಿ, ಮೇಲೆ 3 ವೋಲ್ಟ್ ತನಕದ ಪುಟ್ಟ ಮೀಟರು. ಇದು ಬ್ಯಾಟರಿಯ ಸೆಲ್ ಟೆಸ್ಟರ್. ಹಳೇ ಬ್ಯಾಟರಿಗಳಲ್ಲಿ ಸೆಲ್ಲುಗಳನ್ನು ಜೋಡಿಸುವ ಸೀಸದ ಪಟ್ಟಿ ಮೇಲೆಯೇ ಬಯಲಾಗಿರುತ್ತಿತ್ತು. ಕಾಲುಗಳನ್ನು ಒಂದೊಂದು 2 ವೋಲ್ಟ್ ಸೆಲ್ಲಿಗೆ ಚುಚ್ಚಿ ಭಾರ ಹಾಕಿ ನೋಡುತ್ತಿದ್ದರು. ಈಗಿನ ಬ್ಯಾಟರಿಯಲ್ಲಿ ಹೊರಗೆ ಇರುವುದು ಎರಡೇ ಟರ್ಮಿನಲ್. ಅದಕ್ಕೆ ಇದನ್ನು ಇಟ್ಟರೆ ಪಟ್ಟಿಯ ಮೇಲೆ 12 ವೋಲ್ಟ್ ಬೀಳುತ್ತದೆ. ಲೆಕ್ಕಕ್ಕೆ ಕರೆಂಟು ಆರು ಪಟ್ಟು, ಬಿಸಿ ಮೂವತ್ತಾರು ಪಟ್ಟು. ಪಟ್ಟಿ ಕೆಂಪಗಾಗುತ್ತದೆ, ಕಾಲು ತಾಗಿದಲ್ಲಿ ಕಿಡಿ ಹಾರುತ್ತದೆ. ಆಗಷ್ಟೇ ಚಾರ್ಜಿನಿಂದ ತೆಗೆದ ಬ್ಯಾಟರಿಯ ಮೇಲೆ ಕಿಡಿಗೆ ಸಿಡಿಯುವ ಹೈಡ್ರೋಜನ್ ಇರುತ್ತದೆ. ಆಸಿಡ್ ಮುಖಕ್ಕೆ ಬರಲು ಇಷ್ಟು ಸಾಕು. ಗೋಡೆಗೆ ತೂಗುಹಾಕಲು ಮಾತ್ರ ಇದನ್ನು ಕೊಳ್ಳಿ.

ಮೂರು ಕಾಲಿನ ಜೇಡದಂತಿದ್ದು ಒಂದು ಪಕ್ಕದಲ್ಲಿ ಸಣ್ಣ ಚೂಪು ಬ್ಲೇಡ್ ಇರುವುದು ಪುಲ್ಲರ್ ಅಲ್ಲ, ರಿಜ್ ರೀಮರ್. ಸಿಲಿಂಡರಿನ ಮೇಲಂಚಿನಲ್ಲಿ ಸವೆಯದೆ ಉಳಿದ ಮೆಟ್ಟಿಲನ್ನು ಕೆತ್ತುವುದು ಅದರ ಕೆಲಸ. ಅದರಿಂದ ಹಬ್ ಎಳೆಯಲು ಹೋದರೆ ಬ್ಲೇಡು ಚೂರಾಗಿ ಹಾರುತ್ತದೆ.

ಬಜಾರಿಗೆ ಹೋಗುವಾಗ ಜೇಬಿನಲ್ಲಿ ವರ್ನಿಯರ್, ಅಯಸ್ಕಾಂತ, ಸೀಮೆಸುಣ್ಣ, ಪಿಚ್ ಗೇಜು, 13 ಎಂಎಂ ತಲೆಯ ಹೊಸ ಎಂ8 ಬೋಲ್ಟ್ ಒಂದು ಇರಲಿ. ಪಾನಾದ ಬಾಯಿಯನ್ನು ಬುಡ, ನಡು, ತುದಿ ಮೂರು ಕಡೆ ಅಳೆಯಿರಿ. ತುದಿಯಲ್ಲಿ ಹೆಚ್ಚು ಬಂದರೆ ಬಾಯಿ ಅಗಲಿಸಿದೆ, ಬಿಟ್ಟುಬಿಡಿ. ಜುನಾ ಬಜಾರು ಬುಧವಾರ, ಭಾನುವಾರ. ಮಧ್ಯಾಹ್ನದ ಹೊತ್ತಿಗೆ ಹೋದರೆ ಅಳೆಯಲು ಪುರುಸೊತ್ತು ಸಿಗುತ್ತದೆ. ಮಟನ್ ಸ್ಟ್ರೀಟಿನ ಶುಕ್ರವಾರದ ಮುಂಜಾವಿನ ಸಂತೆಯಲ್ಲಿ ಬ್ಯಾಟರಿ ಬೆಳಕು, ನೂಕುನುಗ್ಗಲು. ಅಲ್ಲಿ ಚೀಲದ ಲೆಕ್ಕದಲ್ಲಿ ಕೊಳ್ಳುವುದನ್ನು ನಾವಂತೂ ಯಾರಿಗೂ ಹೇಳುವುದಿಲ್ಲ.

ಗುರುತು ಸಿಗದ ಹತಾರದ ಬಗ್ಗೆ ಗೊತ್ತಿರುವವರನ್ನು ಕೇಳುವಾಗ ಮೂರು ಫೋಟೋ ಕಳಿಸಿ: ಪೂರ್ತಿ ಉದ್ದ, ಕೆಲಸ ಮಾಡುವ ತುದಿ, ಗುರುತು. ಪಕ್ಕದಲ್ಲಿ ಉಕ್ಕಿನ ಸ್ಕೇಲ್ ಇರಲಿ, ನಾಣ್ಯ ಬೇಡ. ಸ್ಕ್ರೂ ಇದ್ದರೆ ಥ್ರೆಡ್ಡಿನ ಆಕಾರ, ಇಂಚಿಗೆ ಎಷ್ಟು ಸುತ್ತು ಅನ್ನುವುದನ್ನು ಬರೆಯಿರಿ. ಯಾವ ಜಾಗ ಸವೆದು ಹೊಳೆಯುತ್ತಿದೆ ಅನ್ನುವುದನ್ನೂ ಬರೆಯಿರಿ. ಹತಾರದ ಕೆಲಸವನ್ನು ಬಹಳ ಸಲ ಆ ಹೊಳಪೇ ತಿಳಿಸುತ್ತದೆ, ಉಜ್ಜುವ ಮೊದಲು ತೆಗೆದ ಫೋಟೋದಲ್ಲಿ ಮಾತ್ರ.